ಆಲನ್ ಫ್ರೀಡ್

ಆಲನ್ ಫ್ರೀಡ್ (ಡಿಸೆಂಬರ್ 15, 1921 – ಜನವರಿ 20, 1965) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ರೇಡಿಯೋ ನಿರೂಪಕರು ಮತ್ತು ಸಂಗೀತ ಕಾರ್ಯಕ್ರಮಗಳ ಸಂಘಟಕರು. ಧ್ವನಿಮುದ್ರಿಕೆಗಳನ್ನು ಆಯ್ದು, ಅವುಗಳ ನಡುವೆ ತಮ್ಮದೇ ಮಾತುಗಳನ್ನು ಪೋಣಿಸಿ ಪ್ರಸಾರ ಮಾಡುವ ಇಂತಹ ನಿರೂಪಕರನ್ನು 'ಡಿಸ್ಕ್ ಜಾಕಿ' ಎಂದು ಕರೆಯುತ್ತಾರೆ. ಆಫ್ರಿಕನ್ ಅಮೆರಿಕನ್ ಸಮುದಾಯದ 'ರಿದಮ್ ಅಂಡ್ ಬ್ಲೂಸ್' ಸಂಗೀತವನ್ನು ಬಿಳಿಯ ಹದಿಹರೆಯದವರ ಮನೆಗಳಿಗೆ ರೇಡಿಯೋ ಮೂಲಕ ತಲುಪಿಸಿದವರಲ್ಲಿ ಫ್ರೀಡ್ ಪ್ರಮುಖರು. 'ರಾಕ್ ಅಂಡ್ ರೋಲ್' ಎಂಬ ಹೆಸರು ಈ ಸಂಗೀತಕ್ಕೆ ಅಂಟಿಕೊಳ್ಳಲು ಮುಖ್ಯ ಕಾರಣರಾದವರೂ ಅವರೇ.

1952ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಅವರು ಏರ್ಪಡಿಸಿದ 'ಮೂನ್‌ಡಾಗ್ ಕೊರೊನೇಷನ್ ಬಾಲ್' ಕಾರ್ಯಕ್ರಮವನ್ನು ಪ್ರಪಂಚದ ಮೊದಲ ರಾಕ್ ಸಂಗೀತ ಕಛೇರಿ ಎಂದು ಅನೇಕರು ಪರಿಗಣಿಸುತ್ತಾರೆ. 1959ರಲ್ಲಿ ಹೊರಬಿದ್ದ 'ಪೇಯೋಲಾ' ಎಂಬ ಲಂಚದ ಹಗರಣದಲ್ಲಿ ಅವರ ವೃತ್ತಿಜೀವನ ನೆಲಕಚ್ಚಿತು. ತಮ್ಮ 43ನೆಯ ವಯಸ್ಸಿನಲ್ಲಿ, ಸಾಲ ಮತ್ತು ಮೊಕದ್ದಮೆಗಳ ನಡುವೆ ಅವರು ನಿಧನರಾದರು. 1986ರಲ್ಲಿ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಗೌರವಿಸಿದ ಮೊದಲ ತಂಡದಲ್ಲಿ ಅವರ ಹೆಸರೂ ಸೇರಿತ್ತು.

ಆರಂಭಿಕ ಜೀವನ

ಫ್ರೀಡ್ ಅವರ ಪೂರ್ಣ ಹೆಸರು ಆಲ್ಬರ್ಟ್ ಜೇಮ್ಸ್ ಫ್ರೀಡ್. ಪೆನ್ಸಿಲ್ವೇನಿಯಾ ರಾಜ್ಯದ ವಿಂಡ್‌ಬರ್ ಎಂಬ ಊರಿನಲ್ಲಿ ಅವರು ಜನಿಸಿದರು. ತಂದೆ ಯುರೋಪಿನಿಂದ ವಲಸೆ ಬಂದ ಯಹೂದಿ. ತಾಯಿ ವೆಲ್ಷ್ ಮೂಲದವರು. 1933ರಲ್ಲಿ ಕುಟುಂಬವು ಒಹಾಯೊ ರಾಜ್ಯದ ಸೇಲಂ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿಯ ಪ್ರೌಢಶಾಲೆಯಲ್ಲಿ ಓದುವಾಗ ಫ್ರೀಡ್ 'ಸುಲ್ತಾನ್ಸ್ ಆಫ್ ಸ್ವಿಂಗ್' ಎಂಬ ವಾದ್ಯವೃಂದ ಕಟ್ಟಿಕೊಂಡು ಟ್ರಾಂಬೋನ್ ನುಡಿಸುತ್ತಿದ್ದರು. ದೊಡ್ಡ ವಾದ್ಯವೃಂದದ ನಾಯಕನಾಗಬೇಕೆಂಬುದು ಅವರ ಹಂಬಲವಾಗಿತ್ತು. ಕಿವಿಯ ಸೋಂಕಿನಿಂದಾಗಿ ಆ ಆಸೆ ಕೈಗೂಡಲಿಲ್ಲ.

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರಿಗೆ ರೇಡಿಯೋದಲ್ಲಿ ಆಸಕ್ತಿ ಹುಟ್ಟಿತು. 1940ರ ದಶಕದ ಆರಂಭದಲ್ಲಿ ನ್ಯೂ ಕ್ಯಾಸಲ್ ಮತ್ತು ಯಂಗ್ಸ್‌ಟೌನ್ ಊರುಗಳ ಸಣ್ಣ ರೇಡಿಯೋ ಕೇಂದ್ರಗಳಲ್ಲಿ ಕೆಲಸ ಮಾಡಿದರು. 1945ರಲ್ಲಿ ಆಕ್ರನ್ ನಗರದ ಡಬ್ಲ್ಯೂಎಕೆಆರ್ ಕೇಂದ್ರವನ್ನು ಸೇರಿದ ಬಳಿಕ ಜಾಸ್ ಮತ್ತು ಜನಪ್ರಿಯ ಹಾಡುಗಳನ್ನು ಪ್ರಸಾರ ಮಾಡುವ ನಿರೂಪಕರಾಗಿ ಆ ಭಾಗದಲ್ಲಿ ಹೆಸರು ಮಾಡಿದರು. ವೇತನದ ವಿಚಾರವಾಗಿ ಆ ಕೇಂದ್ರದೊಡನೆ ಮನಸ್ತಾಪ ಬಂದು ಹೊರನಡೆದಾಗ, ಒಪ್ಪಂದದ ಷರತ್ತಿನಂತೆ ಸುತ್ತಮುತ್ತಲಿನ ಬೇರಾವ ರೇಡಿಯೋ ಕೇಂದ್ರದಲ್ಲಿಯೂ ಕೆಲಕಾಲ ದುಡಿಯುವಂತಿರಲಿಲ್ಲ. ಹೀಗಾಗಿ 1950ರಲ್ಲಿ ಅವರು ಕ್ಲೀವ್‌ಲ್ಯಾಂಡ್‌ನ ಒಂದು ಟೆಲಿವಿಷನ್ ಕೇಂದ್ರಕ್ಕೆ ಸೇರಿದರು. ಆ ನಗರವೇ ಮುಂದೆ ಅವರ ಕರ್ಮಭೂಮಿಯಾಯಿತು.

ಕಾಲದ ಹಿನ್ನೆಲೆ

ಫ್ರೀಡ್ ಅವರ ಸಾಧನೆಯನ್ನು ತಿಳಿಯಲು ಅಂದಿನ ಅಮೆರಿಕದ ಸಾಮಾಜಿಕ ಸ್ಥಿತಿಯನ್ನು ಗಮನಿಸಬೇಕು. ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಬಸ್ಸು, ಹೋಟೆಲು, ಸಭಾಂಗಣಗಳಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಪ್ರತ್ಯೇಕವಾಗಿಡುವುದು ಕಾನೂನೇ ಆಗಿತ್ತು. ಉತ್ತರದ ನಗರಗಳಲ್ಲಿ ಅಂತಹ ಕಾನೂನು ಇಲ್ಲದಿದ್ದರೂ ವಸತಿ ಪ್ರದೇಶಗಳು ಬಹುಮಟ್ಟಿಗೆ ಬೇರೆಬೇರೆಯಾಗಿದ್ದವು.

ಸಂಗೀತದ ಮಾರುಕಟ್ಟೆಯೂ ಇದೇ ರೀತಿ ಹಂಚಿಹೋಗಿತ್ತು. ಕಪ್ಪು ಕಲಾವಿದರ ಧ್ವನಿಮುದ್ರಿಕೆಗಳನ್ನು 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಹೆಸರಿನಲ್ಲಿ ಮಾರಲಾಗುತ್ತಿತ್ತು. 1949ರಲ್ಲಿ 'ಬಿಲ್‌ಬೋರ್ಡ್' ಪತ್ರಿಕೆ ಈ ಹೆಸರನ್ನು ಕೈಬಿಟ್ಟು 'ರಿದಮ್ ಅಂಡ್ ಬ್ಲೂಸ್' ಎಂಬ ಹೆಸರನ್ನು ಬಳಕೆಗೆ ತಂದಿತು. ಆ ಪದವನ್ನು ಸೂಚಿಸಿದವರು ಅಂದು ಅಲ್ಲಿ ಪತ್ರಕರ್ತರಾಗಿದ್ದ ಜೆರಿ ವೆಕ್ಸ್‌ಲರ್. ಹೆಸರು ಬದಲಾದರೂ ಪ್ರತ್ಯೇಕ ಪಟ್ಟಿ ಹಾಗೆಯೇ ಉಳಿಯಿತು.

ಇದೇ ಹೊತ್ತಿಗೆ ರೇಡಿಯೋ ಮಾಧ್ಯಮವೂ ಬದಲಾಗುತ್ತಿತ್ತು. ನಾಟಕ, ಹಾಸ್ಯ ಮತ್ತು ದೊಡ್ಡ ಪ್ರಾಯೋಜಿತ ಕಾರ್ಯಕ್ರಮಗಳು ಟೆಲಿವಿಷನ್ ಕಡೆಗೆ ಸರಿದವು. ಸ್ಥಳೀಯ ಕೇಂದ್ರಗಳು ಉಳಿದ ಸಮಯವನ್ನು ಕಡಿಮೆ ಖರ್ಚಿನಲ್ಲಿ ತುಂಬಲು ಧ್ವನಿಮುದ್ರಿಕೆಗಳನ್ನು ಆಶ್ರಯಿಸಿದವು. ಯಾವ ಹಾಡು ಹಾಕಬೇಕು ಎಂಬ ತೀರ್ಮಾನ ಬಹುತೇಕ ನಿರೂಪಕರ ಕೈಯಲ್ಲಿತ್ತು. 1949ರಲ್ಲಿ ಬಂದ 45 ವೇಗದ ಸಣ್ಣ ತಟ್ಟೆ ಮತ್ತು 1954ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಟ್ರಾನ್ಸಿಸ್ಟರ್ ರೇಡಿಯೋ ಹದಿಹರೆಯದವರಿಗೆ ತಮ್ಮದೇ ಆದ ಸಂಗೀತವನ್ನು ಆರಿಸಿಕೊಳ್ಳುವ ಅವಕಾಶ ನೀಡಿದವು.

ಕಪ್ಪು ಜನರ ಸಂಗೀತವನ್ನು ಪ್ರಸಾರ ಮಾಡಿದ ಮೊದಲಿಗರು ಫ್ರೀಡ್ ಅಲ್ಲ. ಷಿಕಾಗೋದಲ್ಲಿ ಜ್ಯಾಕ್ ಕೂಪರ್ ಮತ್ತು ಆಲ್ ಬೆನ್ಸನ್ ಎಂಬ ಕಪ್ಪು ನಿರೂಪಕರು ಅವರಿಗಿಂತ ಮೊದಲೇ ಪ್ರಸಿದ್ಧರಾಗಿದ್ದರು. ಮೆಂಫಿಸ್ ನಗರದ ಡಬ್ಲ್ಯೂಡಿಐಎ ಕೇಂದ್ರವು 1948ರಲ್ಲಿ ನ್ಯಾಟ್ ವಿಲಿಯಮ್ಸ್ ಅವರನ್ನು ನಿರೂಪಕರನ್ನಾಗಿ ಮಾಡಿಕೊಂಡು, ಮುಂದೆ ಸಂಪೂರ್ಣವಾಗಿ ಕಪ್ಪು ಶ್ರೋತೃಗಳಿಗೆ ಮೀಸಲಾಯಿತು. ಈ ಸಂಗೀತವನ್ನು ಅದರ ಮೂಲ ಶ್ರೋತೃವರ್ಗದ ಆಚೆಗೆ ದೊಡ್ಡ ಪ್ರಮಾಣದಲ್ಲಿ ಕೊಂಡೊಯ್ದದ್ದು ಫ್ರೀಡ್ ಅವರ ವಿಶೇಷ.

ಕ್ಲೀವ್‌ಲ್ಯಾಂಡ್ ವರ್ಷಗಳು

ಕ್ಲೀವ್‌ಲ್ಯಾಂಡ್‌ನಲ್ಲಿ ಲಿಯೊ ಮಿಂಟ್ಜ್ ಎಂಬುವರು 'ರೆಕಾರ್ಡ್ ರಾಂಡೆವೂ' ಎಂಬ ಧ್ವನಿಮುದ್ರಿಕೆಗಳ ಅಂಗಡಿ ನಡೆಸುತ್ತಿದ್ದರು. ಬಿಳಿಯ ಹುಡುಗ ಹುಡುಗಿಯರು ಅಂಗಡಿಗೆ ಬಂದು ರಿದಮ್ ಅಂಡ್ ಬ್ಲೂಸ್ ತಟ್ಟೆಗಳನ್ನು ಕೇಳಿ ಕೊಳ್ಳುತ್ತಿರುವುದನ್ನು ಅವರು ಗಮನಿಸಿದ್ದರು. ಈ ಹಾಡುಗಳಿಗೇ ಮೀಸಲಾದ ಕಾರ್ಯಕ್ರಮ ನಡೆಸುವಂತೆ ಫ್ರೀಡ್ ಅವರನ್ನು ಪ್ರೇರೇಪಿಸಿದವರು ಮಿಂಟ್ಜ್, ಪ್ರಾಯೋಜಕತ್ವವೂ ಅವರದೇ. ಮೊದಲಿಗೆ ಹಿಂಜರಿದ ಫ್ರೀಡ್ ಕೊನೆಗೆ ಒಪ್ಪಿ, 1951ರ ಜುಲೈ ತಿಂಗಳಲ್ಲಿ ಡಬ್ಲ್ಯೂಜೆಡಬ್ಲ್ಯೂ ಕೇಂದ್ರದಿಂದ ತಡರಾತ್ರಿಯ ಪ್ರಸಾರ ಆರಂಭಿಸಿದರು.

ಕಾರ್ಯಕ್ರಮದಲ್ಲಿ ಅವರು ತಮ್ಮನ್ನು 'ಮೂನ್‌ಡಾಗ್' ಎಂದು ಕರೆದುಕೊಂಡರು. ನಾಯಿಯ ಊಳಿನ ಧ್ವನಿ ಕೇಳಿಬರುವ ಒಂದು ಧ್ವನಿಮುದ್ರಿಕೆಯನ್ನು ಹಾಕಿ, ಅದರ ಜೊತೆಗೆ ತಾವೂ ಊಳಿಡುತ್ತಿದ್ದರು. ಹಾಡು ನಡೆಯುತ್ತಿರುವಾಗಲೇ ದಪ್ಪನೆಯ ದೂರವಾಣಿ ಪುಸ್ತಕದ ಮೇಲೆ ಕೈಯಿಂದ ತಾಳ ಹಾಕುತ್ತ, ದನದ ಕೊರಳಗಂಟೆ ಬಾರಿಸುತ್ತ ಉತ್ಸಾಹದಿಂದ ಕೂಗುತ್ತಿದ್ದರು. ಗಂಭೀರ ದನಿಯಲ್ಲಿ ಹಾಡಿನ ಹೆಸರು ಹೇಳಿ ಸುಮ್ಮನಾಗುವ ನಿರೂಪಕರಿಗೆ ಒಗ್ಗಿಹೋಗಿದ್ದ ಕೇಳುಗರಿಗೆ ಇದು ಹೊಸತಾಗಿತ್ತು. ಅವರ ದನಿಯನ್ನು ಮಾತ್ರ ಕೇಳಿದ್ದ ಅನೇಕರು ಅವರನ್ನು ಕಪ್ಪು ಮನುಷ್ಯರೆಂದೇ ಭಾವಿಸಿದ್ದರು.

ರಾತ್ರಿಯ ಹೊತ್ತನ್ನು ಆರಿಸಿಕೊಂಡಿದ್ದರಿಂದ ಒಂದು ತಾಂತ್ರಿಕ ಅನುಕೂಲವೂ ಆಯಿತು. ಮಧ್ಯಮ ತರಂಗದ ಪ್ರಸಾರವು ಹಗಲಿನಲ್ಲಿ ಹತ್ತಿರದ ಪ್ರದೇಶಕ್ಕೆ ಮಾತ್ರ ಸೀಮಿತವಾಗಿರುತ್ತದೆ. ಸೂರ್ಯಾಸ್ತದ ನಂತರ ಅದೇ ತರಂಗಗಳು ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಪ್ರತಿಫಲಿಸಿ ಬಹುದೂರದವರೆಗೆ ಸಾಗುತ್ತವೆ. ಹೀಗಾಗಿ ಕ್ಲೀವ್‌ಲ್ಯಾಂಡ್‌ನ ದನಿ ನಗರದ ಎಲ್ಲೆಯನ್ನು ದಾಟಿ, ಕತ್ತಲ ಕೋಣೆಗಳಲ್ಲಿ ರೇಡಿಯೋ ಹಚ್ಚಿ ಮಲಗಿದ ಮಕ್ಕಳ ಕಿವಿಗೂ ಬಿತ್ತು. ಸಭಾಂಗಣದ ಬಾಗಿಲಿನಲ್ಲಿ ಜನರನ್ನು ಬಣ್ಣ ನೋಡಿ ತಡೆಯಬಹುದಿತ್ತು. ರೇಡಿಯೋ ಕೇಳುವವರನ್ನು ಹಾಗೆ ತಡೆಯುವ ದಾರಿ ಇರಲಿಲ್ಲ.

ಮೂನ್‌ಡಾಗ್ ಕೊರೊನೇಷನ್ ಬಾಲ್

ಮಿಂಟ್ಜ್ ಮತ್ತಿತರರೊಡನೆ ಸೇರಿ ಫ್ರೀಡ್ 1952ರ ಮಾರ್ಚ್ 21ರಂದು ಕ್ಲೀವ್‌ಲ್ಯಾಂಡ್ ಅರೀನಾ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ನೃತ್ಯ ಸಂಗೀತ ಕಾರ್ಯಕ್ರಮವೊಂದನ್ನು ಏರ್ಪಡಿಸಿದರು. ಪಾಲ್ ವಿಲಿಯಮ್ಸ್, ಟೈನಿ ಗ್ರೈಮ್ಸ್, ಡಾಮಿನೋಸ್ ತಂಡ, ವರೆಟ್ಟಾ ಡಿಲಾರ್ಡ್ ಮೊದಲಾದ ಕಪ್ಪು ಕಲಾವಿದರ ಹೆಸರುಗಳು ಪ್ರಕಟವಾಗಿದ್ದವು. ಸುಮಾರು 10,000 ಜನರಿಗೆ ಸ್ಥಳವಿದ್ದ ಕಟ್ಟಡದ ಮುಂದೆ ಅದರ ಇಮ್ಮಡಿಯಷ್ಟು ಜನ ಸೇರಿದರೆಂದು ಅಂದಾಜಿಸಲಾಗಿದೆ. ಮಿತಿಮೀರಿ ಮುದ್ರಿಸಿದ ಟಿಕೆಟ್‌ಗಳು ಮತ್ತು ನಕಲಿ ಟಿಕೆಟ್‌ಗಳು ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ನೆರೆದವರಲ್ಲಿ ಬಹುಪಾಲು ಜನ ಆಫ್ರಿಕನ್ ಅಮೆರಿಕನ್ನರು.

ಹೊರಗೆ ಉಳಿದವರು ಬಾಗಿಲು ಮುರಿದು ಒಳನುಗ್ಗಿದರು. ಪಾಲ್ ವಿಲಿಯಮ್ಸ್ ತಂಡ ನುಡಿಸಲು ಆರಂಭಿಸಿದ ಸ್ವಲ್ಪ ಹೊತ್ತಿನಲ್ಲೇ ಅಧಿಕಾರಿಗಳು ಕಾರ್ಯಕ್ರಮವನ್ನು ನಿಲ್ಲಿಸಿದರು. ಮರುದಿನ ಫ್ರೀಡ್ ರೇಡಿಯೋದಲ್ಲಿ ಕ್ಷಮೆ ಕೋರಿ, ತಮ್ಮ ಪರವಾಗಿ ನಿಲ್ಲುವಂತೆ ಶ್ರೋತೃಗಳನ್ನು ಕೇಳಿಕೊಂಡರು. ಬಂದ ಬೆಂಬಲವನ್ನು ಕಂಡ ರೇಡಿಯೋ ಕೇಂದ್ರವು ಅವರನ್ನು ತೆಗೆದುಹಾಕುವ ಬದಲು ಅವರ ಪ್ರಸಾರದ ಅವಧಿಯನ್ನು ಹೆಚ್ಚಿಸಿತು. ಹೀಗೆ ಸರಿಯಾಗಿ ನಡೆಯದೇ ಹೋದ ಒಂದು ಕಛೇರಿ ಇತಿಹಾಸದಲ್ಲಿ ಉಳಿಯಿತು.

1953ರಲ್ಲಿ ಕಾರು ಅಪಘಾತವೊಂದರಲ್ಲಿ ಫ್ರೀಡ್ ತೀವ್ರವಾಗಿ ಗಾಯಗೊಂಡರು. ಮುಖಕ್ಕೆ ಶಸ್ತ್ರಚಿಕಿತ್ಸೆ ಬೇಕಾಯಿತು. ಒಳ ಅಂಗಗಳಿಗೂ ಪೆಟ್ಟಾಗಿತ್ತು. ಮುಂದೆ ಅವರ ಆರೋಗ್ಯ ಕೆಡಲು ಈ ಅಪಘಾತದ ಜೊತೆಗೆ ಅವರ ಮದ್ಯಪಾನವೂ ಕಾರಣವಾಯಿತು.

ನ್ಯೂಯಾರ್ಕ್ ವರ್ಷಗಳು

1954ರ ಸೆಪ್ಟೆಂಬರ್‌ನಲ್ಲಿ ಫ್ರೀಡ್ ನ್ಯೂಯಾರ್ಕಿನ ಡಬ್ಲ್ಯೂಐಎನ್‌ಎಸ್ ಕೇಂದ್ರಕ್ಕೆ ಬಂದರು. 50,000 ವ್ಯಾಟ್ ಸಾಮರ್ಥ್ಯದ ಈ ಕೇಂದ್ರ ಅವರಿಗೆ ದೇಶದ ಅತಿ ದೊಡ್ಡ ಮಾರುಕಟ್ಟೆಯ ಬಾಗಿಲು ತೆರೆಯಿತು. ಅವರ ಆಗಮನವನ್ನು ಎಲ್ಲರೂ ಸ್ವಾಗತಿಸಲಿಲ್ಲ. ಕಪ್ಪು ಜನರ ಸಂಗೀತದ ಹೆಸರಿನಲ್ಲಿ ಬಿಳಿಯ ನಿರೂಪಕರೊಬ್ಬರು ಪ್ರಸಿದ್ಧಿ ಮತ್ತು ಹಣ ಗಳಿಸುವುದನ್ನು ಹಾರ್ಲೆಮ್ ಬಡಾವಣೆಯ ಕೆಲವು ಕಪ್ಪು ನಿರೂಪಕರು ಆಕ್ಷೇಪಿಸಿದರು. ಅಂತಹ ಅವಕಾಶ ಕಪ್ಪು ನಿರೂಪಕರಿಗೆ ಸಿಗುತ್ತಿರಲಿಲ್ಲವಾದ್ದರಿಂದ ಆ ಆಕ್ಷೇಪದಲ್ಲಿ ಹುರುಳಿತ್ತು.

'ರಾಕ್ ಅಂಡ್ ರೋಲ್' ಎಂಬ ಹೆಸರು

ನ್ಯೂಯಾರ್ಕಿಗೆ ಬಂದ ಕೆಲವೇ ವಾರಗಳಲ್ಲಿ ಫ್ರೀಡ್ ತಮ್ಮ 'ಮೂನ್‌ಡಾಗ್' ಹೆಸರನ್ನು ಕಳೆದುಕೊಂಡರು. ಮ್ಯಾನ್‌ಹಟನ್ ಬೀದಿಗಳಲ್ಲಿ ನುಡಿಸುತ್ತಿದ್ದ ಲೂಯಿ ಹಾರ್ಡಿನ್ ಎಂಬ ದೃಷ್ಟಿಹೀನ ಸಂಗೀತ ಸಂಯೋಜಕರು ಬಹುಕಾಲದಿಂದ ಆ ಹೆಸರನ್ನು ಬಳಸುತ್ತಿದ್ದರು. ಫ್ರೀಡ್ ಹಾಕುತ್ತಿದ್ದ ಊಳಿನ ಧ್ವನಿಮುದ್ರಿಕೆಯೂ ಅವರದೇ. ಹಾರ್ಡಿನ್ ನ್ಯಾಯಾಲಯದ ಮೆಟ್ಟಿಲೇರಿದರು. ತೀರ್ಪು ಅವರ ಪರವಾಗಿ ಬಂದು, ಫ್ರೀಡ್ ಪರಿಹಾರ ನೀಡಬೇಕಾಯಿತು. ಆಗ ಕಾರ್ಯಕ್ರಮಕ್ಕೆ 'ರಾಕ್ ಅಂಡ್ ರೋಲ್ ಪಾರ್ಟಿ' ಎಂಬ ಹೆಸರು ಬಂದಿತು.

'ರಾಕ್' ಮತ್ತು 'ರೋಲ್' ಎಂಬ ಪದಗಳ ಜೋಡಣೆ ಫ್ರೀಡ್ ಅವರ ಸೃಷ್ಟಿಯಲ್ಲ. ಹಡಗಿನ ತೂಗಾಟವನ್ನು ಸೂಚಿಸುತ್ತಿದ್ದ ಈ ಪದಗಳು ಕಪ್ಪು ಜನರ ಆಡುನುಡಿಯಲ್ಲಿ ನೃತ್ಯಕ್ಕೂ ಪ್ರಣಯಕ್ಕೂ ಬಳಕೆಯಾಗುತ್ತಿದ್ದವು. 1922ರಷ್ಟು ಹಿಂದೆಯೇ ಟ್ರಿಕ್ಸಿ ಸ್ಮಿತ್ ಅವರ ಒಂದು ಧ್ವನಿಮುದ್ರಿಕೆಯ ಹೆಸರಿನಲ್ಲಿ ಎರಡೂ ಪದಗಳು ಕಾಣಿಸಿಕೊಂಡಿದ್ದವು. ಫ್ರೀಡ್ ಆ ಪದವನ್ನು ಪ್ರತಿ ರಾತ್ರಿ ಉಚ್ಚರಿಸಿ ಒಂದು ಸಂಗೀತ ಪ್ರಕಾರದ ಹೆಸರನ್ನಾಗಿ ಮಾಡಿದರು. 'ರಿದಮ್ ಅಂಡ್ ಬ್ಲೂಸ್' ಎಂದೊಡನೆ ಕಪ್ಪು ಜನರ ಸಂಗೀತವೆಂಬ ಭಾವನೆ ಮೂಡುತ್ತಿತ್ತು. ಹೊಸ ಹೆಸರಿಗೆ ಬಿಳಿಯ ಶ್ರೋತೃಗಳ ಮಟ್ಟಿಗೆ ಆ ಗುರುತು ಇರಲಿಲ್ಲ. ಇದರಿಂದ ಸಂಗೀತ ಎಲ್ಲರ ಮನೆಯನ್ನೂ ಪ್ರವೇಶಿಸಿತು ನಿಜ; ಆದರೆ ಅದನ್ನು ಸೃಷ್ಟಿಸಿದವರ ಗುರುತು ಮಸುಕಾಗಲೂ ಇದೇ ದಾರಿ ಮಾಡಿಕೊಟ್ಟಿತು ಎಂಬ ವಿಮರ್ಶೆಯಿದೆ.

ಮೂಲ ಗಾಯನ ಮತ್ತು ಮರುಗಾಯನ

ಕಪ್ಪು ಕಲಾವಿದರ ಹಾಡೊಂದು ಜನಪ್ರಿಯವಾಗುವ ಸೂಚನೆ ಕಂಡೊಡನೆ ದೊಡ್ಡ ಕಂಪನಿಗಳು ಅದನ್ನೇ ಬಿಳಿಯ ಗಾಯಕರಿಂದ ಹಾಡಿಸಿ ಮಾರುಕಟ್ಟೆಗೆ ತರುತ್ತಿದ್ದವು. ಇಂತಹ ಮರುಗಾಯನಗಳಿಗೆ 'ಕವರ್' ಎಂದು ಹೆಸರು. 1954ರಲ್ಲಿ ಕಾರ್ಡ್ಸ್ ತಂಡದ 'ಷ್-ಬೂಮ್' ಹಾಡನ್ನು ಕ್ರ್ಯೂ ಕಟ್ಸ್ ತಂಡವೂ, 1955ರಲ್ಲಿ ಫ್ಯಾಟ್ಸ್ ಡಾಮಿನೊ ಅವರ 'ಏಂಟ್ ದಟ್ ಎ ಶೇಮ್' ಹಾಡನ್ನು ಪ್ಯಾಟ್ ಬೂನ್ ಅವರೂ ಹೀಗೆ ಹಾಡಿದರು. ಹೆಚ್ಚಿನ ಕೇಂದ್ರಗಳು ಬಿಳಿಯರ ಧ್ವನಿಮುದ್ರಿಕೆಯನ್ನೇ ಹಾಕುತ್ತಿದ್ದುದರಿಂದ ಮಾರಾಟದ ದೊಡ್ಡ ಪಾಲು ಮರುಗಾಯನಕ್ಕೆ ಹೋಗುತ್ತಿತ್ತು.

ಫ್ರೀಡ್ ಮರುಗಾಯನಗಳನ್ನು ಪ್ರಸಾರ ಮಾಡಲು ನಿರಾಕರಿಸಿ ಮೂಲ ಕಲಾವಿದರ ಧ್ವನಿಮುದ್ರಿಕೆಗಳನ್ನೇ ಹಾಕುತ್ತಿದ್ದರು. ಕಪ್ಪು ಕಲಾವಿದರಿಗೆ ಇದರಿಂದ ನೇರ ಆರ್ಥಿಕ ಲಾಭವಾಯಿತು. ದೊಡ್ಡ ಕಂಪನಿಗಳಿಗೆ ಹಿಡಿಸದ ಈ ನಿಲುವು ಸಣ್ಣ ಸ್ವತಂತ್ರ ಕಂಪನಿಗಳಿಗೆ ಬಲ ನೀಡಿತು.

ಕಛೇರಿ, ಚಲನಚಿತ್ರ ಮತ್ತು ಟೆಲಿವಿಷನ್

1955ರ ಜನವರಿಯಲ್ಲಿ ಮ್ಯಾನ್‌ಹಟನ್‌ನ ಸೇಂಟ್ ನಿಕೊಲಸ್ ಅರೀನಾದಲ್ಲಿ ಫ್ರೀಡ್ ನಡೆಸಿದ ಎರಡು ರಾತ್ರಿಗಳ ಕಾರ್ಯಕ್ರಮದಲ್ಲಿ ಕಪ್ಪು ಮತ್ತು ಬಿಳಿಯ ಯುವಜನರು ಒಂದೇ ಸಭಾಂಗಣದಲ್ಲಿ ನರ್ತಿಸಿದರು. ಬ್ರೂಕ್ಲಿನ್ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ರಜಾದಿನಗಳಂದು ನಡೆಯುತ್ತಿದ್ದ ಅವರ ಕಛೇರಿಗಳು ನಗರದ ವಾಡಿಕೆಯಾದವು. 1957ರ ಫೆಬ್ರವರಿಯಲ್ಲಿ ಟೈಮ್ಸ್ ಚೌಕದ ಪ್ಯಾರಾಮೌಂಟ್ ಮಂದಿರದ ಮುಂದೆ ನಸುಕಿನಿಂದಲೇ ಸಾಲುಗಟ್ಟಿದ ಯುವಜನರ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾದವು.

'ರಾಕ್ ಅರೌಂಡ್ ದ ಕ್ಲಾಕ್' (1956), 'ರಾಕ್, ರಾಕ್, ರಾಕ್' (1956), 'ಮಿಸ್ಟರ್ ರಾಕ್ ಅಂಡ್ ರೋಲ್' (1957), 'ಗೋ, ಜಾನಿ, ಗೋ' (1959) ಮೊದಲಾದ ಚಲನಚಿತ್ರಗಳಲ್ಲಿ ಫ್ರೀಡ್ ತಮ್ಮದೇ ಪಾತ್ರವನ್ನು ನಿರ್ವಹಿಸಿದರು. ಕಥೆ ತೆಳುವಾಗಿದ್ದರೂ, ಚಕ್ ಬೆರಿ, ಲಾವರ್ನ್ ಬೇಕರ್, ಜ್ಯಾಕಿ ವಿಲ್ಸನ್, ರಿಚಿ ವ್ಯಾಲೆನ್ಸ್ ಅವರಂತಹ ಕಲಾವಿದರ ಹಾಡುಗಾರಿಕೆಯ ದೃಶ್ಯದಾಖಲೆಗಳಾಗಿ ಈ ಚಿತ್ರಗಳಿಗೆ ಬೆಲೆಯಿದೆ. ಅವರ ಮುದ್ರಿತ ಕಾರ್ಯಕ್ರಮಗಳು ರೇಡಿಯೋ ಲಕ್ಸೆಂಬರ್ಗ್ ಮೂಲಕ ಯುರೋಪಿನ ಶ್ರೋತೃಗಳನ್ನೂ ತಲುಪಿದವು.

1957ರ ಬೇಸಿಗೆಯಲ್ಲಿ ಎಬಿಸಿ ಟೆಲಿವಿಷನ್ ಜಾಲ ಅವರ 'ದ ಬಿಗ್ ಬೀಟ್' ಎಂಬ ಸಂಗೀತ ಕಾರ್ಯಕ್ರಮವನ್ನು ದೇಶದಾದ್ಯಂತ ಪ್ರಸಾರ ಮಾಡತೊಡಗಿತು. ಒಂದು ಕಂತಿನಲ್ಲಿ ಕಪ್ಪು ಗಾಯಕ, ಇನ್ನೂ ಹದಿಹರೆಯದ ಫ್ರ್ಯಾಂಕಿ ಲೈಮನ್, ಪ್ರೇಕ್ಷಕರಲ್ಲಿದ್ದ ಬಿಳಿಯ ಹುಡುಗಿಯೊಬ್ಬಳ ಜೊತೆ ಕುಣಿದದ್ದು ತೆರೆಯ ಮೇಲೆ ಕಾಣಿಸಿತು. ದಕ್ಷಿಣದ ರಾಜ್ಯಗಳ ಕೇಂದ್ರಗಳಿಂದ ತೀವ್ರ ಪ್ರತಿಭಟನೆ ಬಂದು, ಕೆಲವೇ ಕಂತುಗಳ ಬಳಿಕ ಕಾರ್ಯಕ್ರಮ ನಿಂತುಹೋಯಿತು. ಅಂದಿನ ಹಗೆತನ ಎಷ್ಟಿತ್ತೆಂಬುದಕ್ಕೆ ಮತ್ತೊಂದು ನಿದರ್ಶನವಿದೆ: 1956ರ ಏಪ್ರಿಲ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹಾಡುತ್ತಿದ್ದ ಸೌಮ್ಯ ಶೈಲಿಯ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಮೇಲೆ ವೇದಿಕೆಯಲ್ಲೇ ಬಿಳಿಯರ ಗುಂಪು ಹಲ್ಲೆ ನಡೆಸಿತ್ತು.

ಬಾಸ್ಟನ್ ಪ್ರಕರಣ

1958ರ ವಸಂತದಲ್ಲಿ ಫ್ರೀಡ್ ಅವರು ಜೆರಿ ಲೀ ಲೂಯಿಸ್, ಚಕ್ ಬೆರಿ, ಬಡ್ಡಿ ಹಾಲಿ ಮೊದಲಾದವರೊಡನೆ ಊರಿಂದೂರಿಗೆ ಪ್ರವಾಸ ಕೈಗೊಂಡರು. ಮೇ 3ರಂದು ಬಾಸ್ಟನ್‌ನಲ್ಲಿ ಪ್ರೇಕ್ಷಕರು ಎದ್ದು ಕುಣಿಯತೊಡಗಿದಾಗ ಪೊಲೀಸರು ಸಭಾಂಗಣದ ದೀಪಗಳನ್ನು ಹೊತ್ತಿಸಿದರು. ನೀವು ಸಂತೋಷಪಡುವುದು ಪೊಲೀಸರಿಗೆ ಇಷ್ಟವಿಲ್ಲ ಎಂಬರ್ಥದ ಮಾತನ್ನು ಫ್ರೀಡ್ ವೇದಿಕೆಯಿಂದ ಆಡಿದರೆಂದು ವರದಿಯಾಯಿತು. ಆ ರಾತ್ರಿ ಸಭಾಂಗಣದ ಹೊರಗೆ ಹಲ್ಲೆ, ದರೋಡೆಗಳು ನಡೆದವು. ಗಲಭೆಗೆ ಪ್ರಚೋದನೆ ನೀಡಿದ ಆರೋಪ ಫ್ರೀಡ್ ಅವರ ಮೇಲೆ ಬಂದಿತು.

ಹಲವು ನಗರಗಳು ಅವರ ಕಾರ್ಯಕ್ರಮಗಳನ್ನು ರದ್ದುಪಡಿಸಿದವು. ತಮ್ಮ ಬೆಂಬಲಕ್ಕೆ ಕೇಂದ್ರ ನಿಲ್ಲಲಿಲ್ಲವೆಂಬ ಅಸಮಾಧಾನದಿಂದ ಅವರು ಡಬ್ಲ್ಯೂಐಎನ್‌ಎಸ್ ತೊರೆದು ಡಬ್ಲ್ಯೂಎಬಿಸಿ ಕೇಂದ್ರವನ್ನು ಸೇರಿದರು. ಬಾಸ್ಟನ್ ಆರೋಪಗಳನ್ನು ಮುಂದೆ ಕೈಬಿಡಲಾಯಿತಾದರೂ, ಅಷ್ಟರಲ್ಲಿ ವಕೀಲರ ವೆಚ್ಚ ಅವರ ಗಳಿಕೆಯನ್ನು ನುಂಗಿಹಾಕಿತ್ತು.

ಪೇಯೋಲಾ ಹಗರಣ

ಪೇಯೋಲಾ ಎಂದರೇನು?

ಒಂದು ಧ್ವನಿಮುದ್ರಿಕೆಯನ್ನು ರೇಡಿಯೋದಲ್ಲಿ ಪ್ರಸಾರ ಮಾಡಲು ಕಂಪನಿಗಳು ನಿರೂಪಕರಿಗೆ ಗುಟ್ಟಾಗಿ ನೀಡುವ ಹಣ ಅಥವಾ ಉಡುಗೊರೆಗೆ 'ಪೇಯೋಲಾ' ಎಂದು ಹೆಸರು. ಹಣಪಾವತಿ ಎಂಬರ್ಥದ 'ಪೇ' ಮತ್ತು ಹಾಡಿನ ಯಂತ್ರವಾದ 'ವಿಕ್ಟ್ರೋಲಾ' ಎಂಬ ಪದಗಳ ಜೋಡಣೆಯಿಂದ ಈ ಮಾತು ಹುಟ್ಟಿದೆ. ಪ್ರತಿ ವಾರ ಹೊರಬರುವ ನೂರಾರು ಹಾಡುಗಳಲ್ಲಿ ಕೆಲವಕ್ಕೆ ಮಾತ್ರ ಪ್ರಸಾರದಲ್ಲಿ ಜಾಗ ಸಿಗುತ್ತಿತ್ತು. ಪ್ರಸಾರವಾಗದ ಹಾಡನ್ನು ಯಾರೂ ಕೊಳ್ಳುತ್ತಿರಲಿಲ್ಲ. ಆದ್ದರಿಂದ ನಿರೂಪಕರ ಆಯ್ಕೆಗೆ ಬೆಲೆ ಬಂದಿತು.

ಲಂಚವು ಕೆಲವೊಮ್ಮೆ ಲಕೋಟೆಯಲ್ಲಿಟ್ಟ ನಗದಿನ ರೂಪದಲ್ಲಿ, ಕೆಲವೊಮ್ಮೆ 'ಸಲಹಾ ಶುಲ್ಕ'ವೆಂಬ ಹೆಸರಿನ ಚೆಕ್ಕಿನ ರೂಪದಲ್ಲಿ ಬರುತ್ತಿತ್ತು. ಹಾಡು ಬರೆಯದ ನಿರೂಪಕರ ಹೆಸರನ್ನು ಗೀತಕಾರರ ಪಟ್ಟಿಗೆ ಸೇರಿಸುವುದೂ ಒಂದು ಬಗೆ. ಹಾಗೆ ಮಾಡಿದರೆ ಪ್ರತಿ ತಟ್ಟೆಯ ಮಾರಾಟದಿಂದಲೂ, ಪ್ರತಿ ಪ್ರಸಾರದಿಂದಲೂ ರಾಯಧನದ ಪಾಲು ಅವರಿಗೆ ಸಲ್ಲುತ್ತಿತ್ತು. ಆ ಹೊತ್ತಿಗೆ ಇಂತಹ ಪಾವತಿಯನ್ನು ನೇರವಾಗಿ ಅಪರಾಧವೆನ್ನುವ ಒಕ್ಕೂಟ ಸರ್ಕಾರದ ಕಾನೂನು ಇರಲಿಲ್ಲ. ನ್ಯೂಯಾರ್ಕ್ ಮುಂತಾದ ಕೆಲವು ರಾಜ್ಯಗಳಲ್ಲಿ, ನೌಕರನು ಮಾಲೀಕರಿಗೆ ತಿಳಿಯದಂತೆ ಹೊರಗಿನವರಿಂದ ಹಣ ಪಡೆಯುವುದನ್ನು ನಿಷೇಧಿಸುವ 'ವಾಣಿಜ್ಯ ಲಂಚ'ದ ಕಾನೂನು ಇತ್ತು.

ವಿಚಾರಣೆ ಮತ್ತು ಶಿಕ್ಷೆ

ಟೆಲಿವಿಷನ್ ರಸಪ್ರಶ್ನೆ ಸ್ಪರ್ಧೆಗಳಲ್ಲಿ ಉತ್ತರಗಳನ್ನು ಮೊದಲೇ ಹೇಳಿಕೊಡಲಾಗುತ್ತಿತ್ತು ಎಂಬ ಸಂಗತಿ 1959ರಲ್ಲಿ ಸಂಸತ್ತಿನ ಮುಂದೆ ಬಯಲಾಯಿತು. ಇದನ್ನು ತನಿಖೆ ಮಾಡಿದ ಓರೆನ್ ಹ್ಯಾರಿಸ್ ನೇತೃತ್ವದ ಉಪಸಮಿತಿಯೇ ಬಳಿಕ ರೇಡಿಯೋ ನಿರೂಪಕರ ಕಡೆಗೆ ತಿರುಗಿತು. ಹಳೆಯ ಶೈಲಿಯ ಗೀತಕಾರರ ಸಂಘವಾದ 'ಆಸ್ಕ್ಯಾಪ್' ಮತ್ತು ರಾಕ್ ಗೀತೆಗಳ ಹಕ್ಕುಗಳನ್ನು ಹೆಚ್ಚಾಗಿ ಹೊಂದಿದ್ದ 'ಬಿಎಂಐ' ಸಂಸ್ಥೆಯ ನಡುವಿನ ವ್ಯಾಪಾರದ ಪೈಪೋಟಿಯೂ ಈ ತನಿಖೆಯ ಹಿಂದಿತ್ತು. ಲಂಚ ಕೊಡದಿದ್ದರೆ ರಾಕ್ ಅಂಡ್ ರೋಲ್ ಜನಪ್ರಿಯವಾಗುತ್ತಲೇ ಇರಲಿಲ್ಲ ಎಂಬುದು ಅದನ್ನು ದ್ವೇಷಿಸುತ್ತಿದ್ದವರ ವಾದ.

ಹಾಡು ಹಾಕಲು ತಾವು ಎಂದೂ ಹಣ ಪಡೆದಿಲ್ಲವೆಂಬ ಹೇಳಿಕೆಗೆ ಸಹಿ ಹಾಕುವಂತೆ ಡಬ್ಲ್ಯೂಎಬಿಸಿ ಕೇಂದ್ರ ಫ್ರೀಡ್ ಅವರನ್ನು ಕೇಳಿತು. ಅವರು ನಿರಾಕರಿಸಿದರು. 1959ರ ನವೆಂಬರ್‌ನಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ತಾವು ಪಡೆದದ್ದು ಸಲಹಾ ಶುಲ್ಕವೆಂದು ಅವರು ವಾದಿಸುತ್ತಿದ್ದರು. 1960ರ ಮೇ ತಿಂಗಳಲ್ಲಿ ವಾಣಿಜ್ಯ ಲಂಚದ ಆರೋಪದ ಮೇಲೆ ಅವರ ಬಂಧನವಾಯಿತು. 1962ರ ಡಿಸೆಂಬರ್‌ನಲ್ಲಿ ಅವರು ಎರಡು ಆರೋಪಗಳಲ್ಲಿ ತಪ್ಪೊಪ್ಪಿಕೊಂಡರು. 300 ಡಾಲರ್ ದಂಡ ಹಾಗೂ ಅಮಾನತಿನಲ್ಲಿರಿಸಿದ ಸೆರೆವಾಸದ ಶಿಕ್ಷೆ ವಿಧಿಸಲಾಯಿತು. ಶಿಕ್ಷೆ ಹಗುರವಾಗಿದ್ದರೂ ಆ ವೇಳೆಗೆ ಅವರ ವೃತ್ತಿಜೀವನ ಮುಗಿದೇಹೋಗಿತ್ತು.

ಇದೇ ತನಿಖೆಯನ್ನು ಎದುರಿಸಿದ ಡಿಕ್ ಕ್ಲಾರ್ಕ್ ಅವರೊಡನೆ ಫ್ರೀಡ್ ಅವರನ್ನು ಇತಿಹಾಸಕಾರರು ಹೋಲಿಸುವುದುಂಟು. 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಎಂಬ ಟೆಲಿವಿಷನ್ ಕಾರ್ಯಕ್ರಮದ ನಿರೂಪಕರಾಗಿದ್ದ ಕ್ಲಾರ್ಕ್ ಅವರಿಗೆ ಸಂಗೀತ ವ್ಯಾಪಾರದ ಅನೇಕ ಕಂಪನಿಗಳಲ್ಲಿ ಪಾಲಿತ್ತು. ಎಬಿಸಿ ಜಾಲದ ಸೂಚನೆಯಂತೆ ಅವರು ಆ ಪಾಲುಗಳನ್ನು ಬಿಟ್ಟುಕೊಟ್ಟು, ಉಪಸಮಿತಿಯ ಮುಂದೆ ಶಾಂತವಾಗಿ ಉತ್ತರಿಸಿ ಪಾರಾದರು. ಮುಂದೆ ಹಲವು ದಶಕಗಳ ಕಾಲ ಕೀರ್ತಿವಂತರಾಗಿ ಬಾಳಿದರು. ಒಂದೇ ಸಂಸ್ಥೆ ಇಬ್ಬರನ್ನು ಎರಡು ಬಗೆಯಲ್ಲಿ ಕಂಡಿತೆಂಬ ಮಾತಿಗೆ ಇದು ಆಧಾರ.

ಹಾಡುಗಳ ಕರ್ತೃತ್ವದ ಪ್ರಶ್ನೆ

ಫ್ರೀಡ್ ಅವರ ಮೇಲಿನ ಆರೋಪಗಳಲ್ಲಿ ಸುಲಭವಾಗಿ ಬದಿಗಿಡಲಾಗದ್ದು ಹಾಡುಗಳ ಕರ್ತೃತ್ವಕ್ಕೆ ಸಂಬಂಧಿಸಿದ್ದು. 1955ರಲ್ಲಿ ಚೆಸ್ ಕಂಪನಿ ಹೊರತಂದ ಚಕ್ ಬೆರಿ ಅವರ ಮೊದಲ ಯಶಸ್ವಿ ಗೀತೆ 'ಮೇಬಲಿನ್'. ಅದರ ಗೀತಕಾರರ ಪಟ್ಟಿಯಲ್ಲಿ ಫ್ರೀಡ್ ಮತ್ತು ರಸ್ ಫ್ರ್ಯಾಟೊ ಎಂಬ ಮತ್ತೊಬ್ಬರ ಹೆಸರುಗಳು ಬೆರಿ ಅವರಿಗೆ ತಿಳಿಯದಂತೆ ಸೇರಿಕೊಂಡಿದ್ದವು. ಫ್ರೀಡ್ ಆ ಹಾಡನ್ನು ಮತ್ತೆ ಮತ್ತೆ ಪ್ರಸಾರ ಮಾಡಿ ಗೆಲ್ಲಿಸಿದರು. ಜೊತೆಗೆ ರಾಯಧನದ ಪಾಲನ್ನೂ ಪಡೆದರು. ಬೆರಿ ಒಬ್ಬರೇ ಕರ್ತೃವೆಂದು ದಾಖಲೆ ಸರಿಯಾದದ್ದು 1986ರಲ್ಲಿ, ಹಾಡು ಹೊರಬಂದ ಮೂರು ದಶಕಗಳ ನಂತರ. ಕಪ್ಪು ಕಲಾವಿದರ ಮೂಲ ಗಾಯನಕ್ಕಾಗಿ ಹಟ ಹಿಡಿದ ವ್ಯಕ್ತಿಯೇ ಅವರಲ್ಲೊಬ್ಬರ ದುಡಿಮೆಯಲ್ಲಿ ಪಾಲು ತೆಗೆದುಕೊಂಡದ್ದು ಫ್ರೀಡ್ ಅವರ ಜೀವನದ ದೊಡ್ಡ ವಿರೋಧಾಭಾಸ.

ಹಗರಣದ ಪರಿಣಾಮಗಳು

1960ರಲ್ಲಿ ಸಂವಹನ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಹಣ ಪಡೆದ ಸಂಗತಿಯನ್ನು ಬಹಿರಂಗಪಡಿಸದೆ ಹಾಡು ಪ್ರಸಾರ ಮಾಡುವುದಕ್ಕೆ 10,000 ಡಾಲರ್‌ವರೆಗಿನ ದಂಡ ಮತ್ತು ಒಂದು ವರ್ಷದವರೆಗಿನ ಸೆರೆವಾಸವನ್ನು ಅದು ನಿಗದಿಪಡಿಸಿತು. ಕೇಂದ್ರಗಳ ಆಡಳಿತಗಾರರು ಹಾಡು ಆಯ್ಕೆಯ ಅಧಿಕಾರವನ್ನು ನಿರೂಪಕರಿಂದ ಕಿತ್ತುಕೊಂಡು ಕಾರ್ಯಕ್ರಮ ನಿರ್ದೇಶಕರಿಗೆ ವಹಿಸಿದರು. ಮಾರಾಟದಲ್ಲಿ ಮುಂದಿರುವ ಹಾಡುಗಳನ್ನೇ ಪುನರಾವರ್ತಿಸುವ 'ಟಾಪ್ 40' ಪದ್ಧತಿ ಮತ್ತಷ್ಟು ಬಲವಾಯಿತು. ನಿರೂಪಕರು ತಮ್ಮ ಅಭಿರುಚಿಯಂತೆ ಅಪರಿಚಿತ ಕಲಾವಿದರನ್ನು ಬೆಳಕಿಗೆ ತರುವ ಅವಕಾಶ ಕುಗ್ಗಿತು.

ಕೊನೆಯ ವರ್ಷಗಳು

ನ್ಯೂಯಾರ್ಕಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಫ್ರೀಡ್ 1960ರಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಕೆಡಿಎವೈ ಕೇಂದ್ರದಲ್ಲಿ ಕೆಲಸ ಮಾಡಿದರು. 1962ರಲ್ಲಿ ಮಯಾಮಿಯ ಡಬ್ಲ್ಯೂಕ್ಯೂಎಎಂ ಕೇಂದ್ರದಲ್ಲಿ ಅಲ್ಪಕಾಲ ಇದ್ದರು. ಎಲ್ಲಿಯೂ ನೆಲೆ ಸಿಗಲಿಲ್ಲ. 1964ರಲ್ಲಿ, ಹಿಂದಿನ ವರ್ಷಗಳ ಆದಾಯಕ್ಕೆ ತೆರಿಗೆ ವಂಚಿಸಿದ ಆರೋಪವನ್ನು ತೆರಿಗೆ ಇಲಾಖೆ ಹೊರಿಸಿತು.

ಫ್ರೀಡ್ ಮೂರು ಬಾರಿ ವಿವಾಹವಾಗಿದ್ದರು. ಮೊದಲ ಎರಡು ವಿವಾಹಗಳು ವಿಚ್ಛೇದನದಲ್ಲಿ ಕೊನೆಗೊಂಡವು. ಅವರಿಗೆ ನಾಲ್ವರು ಮಕ್ಕಳಿದ್ದರು. 1965ರ ಜನವರಿ 20ರಂದು ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಮೂತ್ರಪಿಂಡದ ವೈಫಲ್ಯ ಮತ್ತು ಯಕೃತ್ತಿನ ರೋಗದಿಂದ ಅವರು ನಿಧನರಾದರು. ತೆರಿಗೆ ಮೊಕದ್ದಮೆ ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಮರಣಾನಂತರದ ಗೌರವ ಮತ್ತು ಸ್ಮರಣೆ

1978ರಲ್ಲಿ ಅವರ ಜೀವನವನ್ನು ಆಧರಿಸಿದ 'ಅಮೆರಿಕನ್ ಹಾಟ್ ವ್ಯಾಕ್ಸ್' ಚಲನಚಿತ್ರ ತೆರೆಕಂಡಿತು. ಟಿಮ್ ಮೆಕಿಂಟೈರ್ ಫ್ರೀಡ್ ಪಾತ್ರ ವಹಿಸಿದ್ದರು. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ತನ್ನ ಮೊದಲ ಗೌರವಾನ್ವಿತರನ್ನು ಆರಿಸಿದಾಗ, ಕಲಾವಿದರಲ್ಲದವರ ವಿಭಾಗದಲ್ಲಿ ಫ್ರೀಡ್ ಹೆಸರಿತ್ತು. ಅದೇ ವರ್ಷ ಚಕ್ ಬೆರಿ ಅವರಿಗೂ ಆ ಗೌರವ ಸಂದಿತು. ಆ ಸಂಸ್ಥೆಯ ವಸ್ತುಸಂಗ್ರಹಾಲಯ ತಮ್ಮಲ್ಲೇ ಇರಬೇಕೆಂದು ಕ್ಲೀವ್‌ಲ್ಯಾಂಡ್ ನಾಗರಿಕರು ಮುಂದಿಟ್ಟ ಕಾರಣಗಳಲ್ಲಿ ಫ್ರೀಡ್ ಮತ್ತು 1952ರ ಕಛೇರಿ ಮುಖ್ಯವಾಗಿದ್ದವು. ಸಂಗ್ರಹಾಲಯ 1995ರಲ್ಲಿ ಅಲ್ಲಿಯೇ ತೆರೆಯಿತು. 1991ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರವನ್ನು ಅಳವಡಿಸಲಾಯಿತು. ಕ್ಲೀವ್‌ಲ್ಯಾಂಡ್‌ನ ಬ್ಯಾಸ್ಕೆಟ್‌ಬಾಲ್ ತಂಡದ ನಾಯಿಮುಖದ ಲಾಂಛನಪಾತ್ರಕ್ಕೂ 'ಮೂನ್‌ಡಾಗ್' ಎಂದೇ ಹೆಸರು.

ಫ್ರೀಡ್ ಅವರ ಚಿತಾಭಸ್ಮ ಮೊದಲಿಗೆ ನ್ಯೂಯಾರ್ಕ್ ರಾಜ್ಯದ ಸ್ಮಶಾನವೊಂದರಲ್ಲಿತ್ತು. 2002ರಲ್ಲಿ ಅದನ್ನು ಕ್ಲೀವ್‌ಲ್ಯಾಂಡ್‌ನ ಸಂಗ್ರಹಾಲಯಕ್ಕೆ ತಂದು ಇರಿಸಲಾಯಿತು. 2014ರಲ್ಲಿ ಸಂಗ್ರಹಾಲಯವು ಅದನ್ನು ಹಿಂದಕ್ಕೆ ಪಡೆಯುವಂತೆ ಕುಟುಂಬವನ್ನು ಕೇಳಿಕೊಂಡಾಗ ಸಾರ್ವಜನಿಕ ಚರ್ಚೆ ನಡೆಯಿತು. ಕೊನೆಗೆ ಅದೇ ನಗರದ ಲೇಕ್ ವ್ಯೂ ಸ್ಮಶಾನದಲ್ಲಿ ಅದಕ್ಕೆ ನೆಲೆ ದೊರಕಿತು. 2016ರಲ್ಲಿ ಅಲ್ಲಿ ಸ್ಥಾಪಿಸಿದ ಸ್ಮಾರಕಶಿಲೆ ಹಾಡಿನ ಪೆಟ್ಟಿಗೆಯಾದ ಜ್ಯೂಕ್‌ಬಾಕ್ಸ್‌ನ ಆಕಾರದಲ್ಲಿದೆ.

ಮೌಲ್ಯಮಾಪನ

ಫ್ರೀಡ್ ಗಾಯಕರಲ್ಲ, ಸಂಯೋಜಕರೂ ಅಲ್ಲ. ರಾಕ್ ಸಂಗೀತವನ್ನು ಅವರು ಸೃಷ್ಟಿಸಲಿಲ್ಲ. ಅದಕ್ಕೆ ಹೆಸರು ಮತ್ತು ವಿಶಾಲವಾದ ಶ್ರೋತೃವರ್ಗವನ್ನು ಒದಗಿಸಿದರು. ಕಾನೂನು ಮತ್ತು ವಾಡಿಕೆಗಳು ಯುವಜನರನ್ನು ಬಣ್ಣದ ಆಧಾರದಲ್ಲಿ ಬೇರ್ಪಡಿಸಿದ್ದ ಕಾಲದಲ್ಲಿ, ಅವರ ಪ್ರಸಾರಗಳು ಮತ್ತು ಕಛೇರಿಗಳು ಅವರನ್ನು ಒಂದೇ ಹಾಡಿನ ಸುತ್ತ ಸೇರಿಸಿದವು. ಧ್ವನಿಮುದ್ರಿಕಾ ವ್ಯಾಪಾರಿಗಳೊಡನೆ ಅವರಿಗಿದ್ದ ನಿಕಟ ಸಂಬಂಧವೇ ಆ ಹಾಡುಗಳನ್ನು ಅವರ ಕೈಗೆ ತಲುಪಿಸಿತು. ಅದೇ ಸಂಬಂಧ ಅವರನ್ನು ಲಂಚದ ಆರೋಪಿಯನ್ನಾಗಿಯೂ ಮಾಡಿತು. ಅಂದು ವ್ಯಾಪಕವಾಗಿದ್ದ ತಪ್ಪೊಂದಕ್ಕೆ ಅವರು ಉಳಿದವರಿಗಿಂತ ಹೆಚ್ಚಿನ ಬೆಲೆ ತೆತ್ತರೆಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. 'ಮೇಬಲಿನ್' ಪ್ರಕರಣವನ್ನು ನೆನೆದಾಗ, ಆ ತಪ್ಪಿನ ಭಾರವನ್ನು ಹೊತ್ತವರು ಬಹುಮಟ್ಟಿಗೆ ಕಲಾವಿದರೇ ಎಂಬುದನ್ನೂ ಗಮನಿಸಬೇಕಾಗುತ್ತದೆ.